ಟೆಸ್ಟಿಂಗ್ ವಾರಂಟಿ ಮುಗಿದ ಮೇಲೆ

ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ ಚೆನ್ನೈಗೆ ರಿಚ್ಚಿ ಸ್ಟ್ರೀಟ್ ಹಾಗೆ. ಅಣ್ಣಾ ಸಾಲೈಯಿಂದ ಒಳಕ್ಕೆ ತಿರುಗಿದರೆ ಸಿಗುವ ನರಸಿಂಗಪುರಂ ಬೀದಿ, ಮೀರಾನ್ ಸಾಹಿಬ್ ಬೀದಿಗಳೂ ಜನರ ಬಾಯಲ್ಲಿ ರಿಚ್ಚಿ ಸ್ಟ್ರೀಟೇ. ಕಚೇರಿಗಳಿಂದ ಹೊರಬಿದ್ದ ಪ್ರೊಸೆಸರ್, ಯಾರೋ ಆಡಿ ಮಾರಿದ ಗ್ರಾಫಿಕ್ಸ್ ಕಾರ್ಡ್, ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ಒಟ್ಟುಮಾಡಿ ಮನೆಯಲ್ಲೇ ಕಂಪ್ಯೂಟರ್ ಕಟ್ಟುವವರು ಇಲ್ಲಿ ಕೇಳುವ ಮಾತು ‘ಟೆಸ್ಟಿಂಗ್ ವಾರಂಟಿ’. ಅಂಗಡಿಯವರು ಕಣ್ಣೆದುರೇ ಆನ್ ಮಾಡಿ ತೋರಿಸುತ್ತಾರೆ. ಮಾನಿಟರ್ ಮೇಲೆ ಅಕ್ಷರ ಮೂಡಿತೆಂದರೆ ಅವರ ಹೊಣೆ ಬಹುಮಟ್ಟಿಗೆ ಮುಗಿಯಿತು. ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲಿನಲ್ಲಿ, ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುವ ಕೋಣೆಯಲ್ಲಿ, ಆಟ ಶುರುವಾದ ಅರ್ಧ ಗಂಟೆಗೆ ಮೆಷೀನು ಕಣ್ಣು ಮುಚ್ಚುವ ಕಾಯಿಲೆ ಆ ಪರೀಕ್ಷೆಗೆ ಸಿಕ್ಕುವಂಥದ್ದಲ್ಲ.

ಆಗ ಎಲ್ಲರ ಅನುಮಾನವೂ ಹೋಗುವುದು ಹೆಚ್ಚು ದುಡ್ಡು ಕೊಟ್ಟ ಭಾಗದ ಮೇಲೆ. ಕಾರ್ಡ್ ಹೋಗಿರಬೇಕು, ಪ್ರೊಸೆಸರ್ ಸತ್ತಿರಬೇಕು. ಪಳಗಿದ ಕೈಗಳು ಮಾತ್ರ ಮೊದಲು ವಿಚಾರಿಸುವುದು ಮೆಷೀನು ಹೇಗೆ ನಿಂತಿತು ಎಂದು. ನೀಲಿ ಪರದೆ ಬಂದು ನಿಂತಿತೇ, ಶಬ್ದ ಒಂದೇ ಕಡೆ ಗುಂಯ್‌ಗುಟ್ಟುತ್ತ ಹ್ಯಾಂಗ್ ಆಯಿತೇ, ಅಥವಾ ಕರೆಂಟು ಹೋದಂತೆ ಏಕಾಏಕಿ ಆರಿತೇ? ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ‘ಕರ್ನಲ್ ಪವರ್ 41’ ಎಂಬ ಕೆಂಪು ಸಾಲು ಕಾಣುತ್ತದೆ. ರೋಗ ಸಿಕ್ಕಿತು ಎಂದು ಹಲವರು ಅಲ್ಲೇ ನಿಲ್ಲುತ್ತಾರೆ. ಅದು ಮರಣ ಪ್ರಮಾಣಪತ್ರವಷ್ಟೇ, ಮರಣೋತ್ತರ ಪರೀಕ್ಷೆಯ ವರದಿಯಲ್ಲ: ಹಿಂದಿನ ಸಲ ಮೆಷೀನು ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ಆ ಸಾಲಿನ ವಿವರ ಬಿಡಿಸಿ ನೋಡಬೇಕು. ‘ಬಗ್‌ಚೆಕ್ ಕೋಡ್’ ಎದುರು ಸೊನ್ನೆಯಿದ್ದು, ಮಿನಿಡಂಪ್ ಫೋಲ್ಡರಿನಲ್ಲಿ ಹೊಸ ಫೈಲೂ ಇಲ್ಲದಿದ್ದರೆ ವಿಂಡೋಸಿಗೆ ಬರೆದಿಡಲು ಪುರುಸೊತ್ತೇ ಸಿಕ್ಕಿಲ್ಲ. ಏಕಾಏಕಿ ಆರಿದ ಮೆಷೀನಿನಲ್ಲಿ ಹೀಗಿದ್ದರೆ ತನಿಖೆಯನ್ನು ಎಸ್‌ಎಂಪಿಎಸ್‌ನಿಂದ ಶುರುಮಾಡುವುದು ಲೇಸು.

ಎಸ್‌ಎಂಪಿಎಸ್ ಎಂದರೆ ನಮ್ಮವರಿಗೆ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಪವರ್ ಸಪ್ಲೈ ಡಬ್ಬಿ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿರುತ್ತದೆ. ಓದಬೇಕಾದ್ದು ಪಕ್ಕದ ಸಣ್ಣಕ್ಷರದ ಪಟ್ಟಿಯನ್ನು. ಅಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿ: 192 ವ್ಯಾಟ್. ಸೆಕೆಂಡ್ ಹ್ಯಾಂಡ್ ಪೇಟೆಯ ನೆಚ್ಚಿನ ಆರ್‌ಎಕ್ಸ್ 580 ಕಾರ್ಡೊಂದೇ, ಎಎಮ್‌ಡಿ ಹೇಳುವಂತೆ, 185 ವ್ಯಾಟ್ ಎಳೆಯುತ್ತದೆ. ಪ್ರೊಸೆಸರಿಗೆ ಉಳಿದದ್ದೇನು? ಬ್ರೌಸರ್ ತೆರೆದಾಗ ಎಲ್ಲ ಸರಿ, ಆಟದಲ್ಲಿ ಸ್ಫೋಟದ ದೃಶ್ಯ ಬಂದ ಕೂಡಲೇ ಕತ್ತಲೆ.

ಮಲ್ಟಿಮೀಟರ್ ಇದ್ದವರು ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ತಂತಿಗೆ ಕಡ್ಡಿ ಹಿಡಿದು ನೋಡಬಹುದು. ಎಟಿಎಕ್ಸ್ ನಿಯಮದ ಪ್ರಕಾರ 11.4ರಿಂದ 12.6 ವೋಲ್ಟ್ ಒಳಗಿರಬೇಕು. ಅದೂ ಆಟ ಓಡುತ್ತಿರುವಾಗ. ಆದರೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಬಿದ್ದೇಳುವ ವೋಲ್ಟೇಜು ಸಾಮಾನ್ಯ ಮೀಟರಿಗೆ ಸಿಕ್ಕುವುದಿಲ್ಲ. ಗೆಳೆಯರ ಮನೆಯಿಂದ ಒಳ್ಳೆಯ ಎಸ್‌ಎಂಪಿಎಸ್ ತಂದು ಒಂದು ವಾರ ಹಾಕಿ ನೋಡುವಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ. ಡಬ್ಬಿಯನ್ನು ಬಿಚ್ಚುವ ಸಾಹಸ ಮಾತ್ರ ಬೇಡ. 230 ವೋಲ್ಟಿನ ಎಸಿ ಒಳಗೆ ಡಿಸಿಯಾಗುವಾಗ 325ರ ಹತ್ತಿರ ಹೋಗುತ್ತದೆ. ದೊಡ್ಡ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರಬಹುದು.

ಕೆಪಾಸಿಟರಿಗೆ ದೊಡ್ಡ ಚರಿತ್ರೆಯೇ ಇದೆ. 2000ದ ದಶಕದ ಆರಂಭದಲ್ಲಿ ತಯಾರಾದ ಲಕ್ಷಾಂತರ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳ ತಲೆ ಉಬ್ಬಿ, ಒಳಗಿನ ದ್ರವ ಸೋರಿ, ಮೆಷೀನುಗಳು ಕಾರಣವಿಲ್ಲದೆ ರೀಸ್ಟಾರ್ಟ್ ಆಗತೊಡಗಿದವು. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಮತ್ತು ಜಿಎಕ್ಸ್280 ಇದರಲ್ಲಿ ಹೆಸರಾದವು. 2005ರಲ್ಲಿ ಆ ಕಂಪನಿ ಇದಕ್ಕಾಗಿ 30 ಕೋಟಿ ಡಾಲರ್ ಲೆಕ್ಕದಲ್ಲಿ ಕಳೆಯಬೇಕಾಯಿತು. ಈಚಿನ ಬೋರ್ಡುಗಳಲ್ಲಿ ಹೆಚ್ಚಾಗಿ ಘನ ಪಾಲಿಮರ್ ಕೆಪಾಸಿಟರುಗಳು ಕೂತಿವೆ, ಎಸ್‌ಎಂಪಿಎಸ್ ಒಳಗೆ ಇನ್ನೂ ದ್ರವದವೇ ಇವೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು. ಮದ್ರಾಸಿನ ಮೇ ತಿಂಗಳು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ರ್ಯಾಮ್. ಸಮುದ್ರದ ಉಪ್ಪುಗಾಳಿ, ತೇವದ ಸೆಕೆ ಎರಡೂ ಇರುವ ಊರಿನಲ್ಲಿ ಕಾಂಟ್ಯಾಕ್ಟುಗಳು ಬೇಗ ಮಂಕಾಗುತ್ತವೆ. ರಿಪೇರಿ ಅಂಗಡಿಯ ಹುಡುಗರು ಸ್ಟಿಕ್ ಕಿತ್ತು, ಅಂಚಿನ ಚಿನ್ನದ ಬಣ್ಣದ ಪಟ್ಟಿಯನ್ನು ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಎರಡೂ ಕಡೆ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸುತ್ತಾರೆ. ನಗಬೇಡಿ, ಎಷ್ಟೋ ಕ್ರ್ಯಾಶು ಇಷ್ಟಕ್ಕೇ ನಿಂತಿದೆ. ನಿಲ್ಲದಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಬೇಕು. ಒಂದೇ ಒಂದು ಕೆಂಪು ಸಾಲು ಬಂದರೂ ‘ಪರವಾಗಿಲ್ಲ’ ಎನ್ನುವಂತಿಲ್ಲ. ಬಳಿಕ ಒಂದೊಂದೇ ಸ್ಟಿಕ್, ಒಂದೊಂದೇ ಸ್ಲಾಟ್. ತಪ್ಪು ಸ್ಟಿಕ್ಕಿನ ಬೆನ್ನು ಹತ್ತಿದರೆ ಸ್ಟಿಕ್ಕಿನದು, ಸ್ಲಾಟಿನಲ್ಲೇ ಉಳಿದರೆ ಬೋರ್ಡಿನದು. ಗೂಗಲ್ ತನ್ನ ಸರ್ವರುಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ಮೆಮೊರಿ ಸ್ಟಿಕ್ಕುಗಳು ಒಮ್ಮೆಯಾದರೂ ತಪ್ಪಿದ್ದವು. ಅವುಗಳಲ್ಲಿ ತಪ್ಪನ್ನು ತಾವೇ ತಿದ್ದಿಕೊಳ್ಳುವ ಇಸಿಸಿ ವ್ಯವಸ್ಥೆಯಿತ್ತು. ನಮ್ಮ ಮನೆಯ ಮೆಷೀನಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಪರದೆ ಹೇಳುವುದನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರುಗಳ ಪ್ರಸಂಗ ಸಾಕು. ಆಟ ಶುರುವಾಗುವಾಗಲೇ ‘ವಿಡಿಯೊ ಮೆಮೊರಿ ಸಾಲದು’ ಎಂದು ತೋರಿಸಿ ಬೀಳುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರು, ಡ್ರೈವರ್ ಬದಲಿಸಿದರು. ಕಡೆಗೆ ಪ್ರೊಸೆಸರೇ ಹೆಚ್ಚು ವೋಲ್ಟೇಜು ಕೇಳಿ ಕೇಳಿ ಸವೆಯುತ್ತಿತ್ತೆಂದು 2024ರಲ್ಲಿ ಇಂಟೆಲ್ ಒಪ್ಪಿ, ಆಗಸ್ಟಿನಲ್ಲಿ ಮೈಕ್ರೊಕೋಡ್ ತಿದ್ದುಪಡಿ ಕೊಟ್ಟಿತು. ಅದು ಮುಂದಿನ ಸವೆತ ತಡೆಯಲು. ಆಗಲೇ ಸವೆದ ಚಿಪ್ ಅದರಿಂದ ಸುಧಾರಿಸುವುದಿಲ್ಲ. ಈ ತಲೆಮಾರಿನ ಐ7, ಐ9 ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇದನ್ನು ತಿಳಿದಿರಲಿ.

ಕಾರ್ಡಿನದೇ ತಪ್ಪಿರುವುದೂ ಉಂಟು. 2022ರ ಸೆಪ್ಟೆಂಬರ್ 15ರಂದು ಗ್ರಾಫಿಕ್ಸ್ ಕಾರ್ಡುಗಳಲ್ಲಿ ನಡೆಯುತ್ತಿದ್ದ ಇಥೀರಿಯಂ ಎಂಬ ಕ್ರಿಪ್ಟೊಕರೆನ್ಸಿಯ ಗಣಿಗಾರಿಕೆ ನಿಂತಾಗ ರಾಶಿರಾಶಿ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಇಳಿದವು. ಗಣಿಯವರು ಹೆಚ್ಚು ಗಳಿಕೆಗಾಗಿ ಬಯಾಸ್ ತಿದ್ದಿ ಮೆಮೊರಿಯ ವೇಗ ಬದಲಿಸಿರುತ್ತಾರೆ. ಅಂಥ ಆರ್‌ಎಕ್ಸ್ 580 ಅಂಗಡಿಯಲ್ಲಿ ಸಲೀಸಾಗಿ ಚಿತ್ರ ತೋರಿಸಿ, ಮನೆಗೆ ಬಂದು ಆಟದಲ್ಲಿ ಕುಸಿಯುತ್ತದೆ. ಕೆಲವು ಕಾರ್ಡುಗಳ ಅಂಚಿನಲ್ಲಿ ಉಗುರಿನಿಂದ ಸರಿಸಬಹುದಾದ ಪುಟ್ಟ ಸ್ವಿಚ್ ಇರುತ್ತದೆ. ಮೆಷೀನು ಆಫ್ ಮಾಡಿ ಅದನ್ನು ಇನ್ನೊಂದು ಬಯಾಸಿಗೆ ತಳ್ಳಿ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಡಿಸ್ಕಿನ ವಿಷಯದಲ್ಲಿ ಒಂದೇ ಮಾತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ‘ಸ್ಮಾರ್ಟ್’ ವರದಿಯಲ್ಲಿ ಸಿ7 ಎಂಬ ಸಾಲು, ಡೇಟಾ ಸಾಗುವಾಗ ಆಗುವ ಸಿಆರ್‌ಸಿ ತಪ್ಪುಗಳ ಲೆಕ್ಕ. ಅದು ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕಿನದಲ್ಲ, ಸಾಟಾ ಕೇಬಲಿನ ದೋಷ. ಆ ಸಂಖ್ಯೆ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ ಹಳೆಯ ಡಿಸ್ಕಿನಲ್ಲಿ ಹಿಂದಿನ ಯಜಮಾನರ ಕೇಬಲಿನ ಲೆಕ್ಕವೂ ಸೇರಿರಬಹುದು. ಇವತ್ತಿನ ಅಂಕಿಯನ್ನು ಬರೆದಿಟ್ಟುಕೊಂಡು, ಹೊಸ ಕೇಬಲ್ ಹಾಕಿ, ವಾರ ಕಳೆದು ಮತ್ತೆ ನೋಡಬೇಕು.