138 ಕೆಜಿ ಅಂದ್ರೆ ಸುಮ್ನೆ ಅಲ್ಲ

ಕಳೆದ ವರ್ಷ ಹದಿನೆಂಟು ಸಾವಿರ ಕೊಟ್ಟು ನನ್ನ ಬೈಕಿಗೆ ಹೊಸ ಎಕ್ಸಾಸ್ಟ್ ಹಾಕಿಸಿದೆ. ಬೈಕಿನ ತೂಕ ಎರಡು ಕೆಜಿ ಇಳೀತು. ಆ ಮೂರು ತಿಂಗಳಲ್ಲಿ ನಾನು ನಾಲ್ಕು ಕೆಜಿ ಏರಿದ್ದೆ, ಆ ಮಾತು ಬೇರೆ. ಅವತ್ತಿನಿಂದ 'ಲೈಟ್‌ವೇಟ್' ಅನ್ನೋ ಪದ ಕಂಡ್ರೆ ನನಗೆ ಸ್ವಲ್ಪ ಅನುಮಾನ.

ಅದಕ್ಕೇ ಬ್ರಿಟ್ಟನ್ ವಿ1000 ಬಗ್ಗೆ ಬರೀತಿದ್ದೀನಿ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಜಾನ್ ಬ್ರಿಟ್ಟನ್ ಕೆಲವೇ ಗೆಳೆಯರ ಜೊತೆ ಸೇರಿ ಕಟ್ಟಿದ ರೇಸ್ ಬೈಕ್ ಇದು. 999 ಸಿಸಿ, 60 ಡಿಗ್ರಿ ವಿ-ಟ್ವಿನ್, 11,800 ಆರ್‌ಪಿಎಂನಲ್ಲಿ 166 ಅಶ್ವಶಕ್ತಿ, ತೂಕ 138 ಕೆಜಿ, ವೇಗ ಗಂಟೆಗೆ 300 ಕಿ.ಮೀ. ದಾಟುತ್ತೆ. ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ನಿಂತಿರೋ ಕ್ಲಾಸಿಕ್ 350 ತೂಕ 195 ಕೆಜಿ, ಅಶ್ವಶಕ್ತಿ ಸುಮಾರು 20. ಒಂದು ರಸ್ತೆಗೆ, ಇನ್ನೊಂದು ಟ್ರ್ಯಾಕಿಗೆ, ಒಪ್ತೀನಿ. ಆದರೂ ಅಂತರ ನೋಡಿ.

ಈ ಬೈಕಿನ ಹೊಗಳಿಕೆ ಎಲ್ಲಾ 'ಕಾರ್ಬನ್ ಫೈಬರ್' ಅನ್ನೋದರಿಂದ ಶುರುವಾಗುತ್ತೆ. ಅದು ಅರ್ಧ ಸತ್ಯ. ಚಕ್ರ, ಮುಂದಿನ ಗರ್ಡರ್ ಫೋರ್ಕ್ ಎಲ್ಲಾ ಕಾರ್ಬನ್ನೇ, ಹೌದು. ಆದರೆ ತೂಕ ಇಳಿದಿದ್ದು ಮುಖ್ಯವಾಗಿ ಬೇಡದ್ದನ್ನ ಬಿಟ್ಟಿದ್ದರಿಂದ. ಈ ಬೈಕಿಗೆ ಮಾಮೂಲಿ ಫ್ರೇಮೇ ಇಲ್ಲ. ಎಂಜಿನ್ನೇ ಬೆನ್ನೆಲುಬು, ಮುಂದಿನದು, ಹಿಂದಿನದು ಎಲ್ಲಾ ಅದಕ್ಕೇ ಜೋಡಣೆ. ರೇಡಿಯೇಟರ್ ಸೀಟಿನ ಕೆಳಗೆ ಹೋಯ್ತು, ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಎಂಜಿನ್ ಮುಂದಕ್ಕೆ ಬಂತು. ಅದಲು ಬದಲು ಮಾಡಿದ್ದು ಶೋಕಿಗಲ್ಲ. ರೇಡಿಯೇಟರ್ ಮುಂದೆ ಇಲ್ಲದಿದ್ರೆ ಬೈಕ್ ಸಣ್ಣಗಾಗುತ್ತೆ, ಗಾಳಿ ಸೀಳುತ್ತೆ. ಒಂದು ನಿರ್ಧಾರ ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತೆ. ಸ್ಪೆಕ್ ಶೀಟಿನಲ್ಲಿ ಇದು ಕಾಣಲ್ಲ, ಅಲ್ಲಿ ಬರೀ ಅಂಕಿ.

ಇನ್ನು ನನ್ನ ತಕರಾರು. ಶೆಡ್ಡಿನಲ್ಲಿ ಒಬ್ಬನೇ ಕೂತು ಜಗತ್ತನ್ನ ಗೆದ್ದ ಅನ್ನೋ ಕಥೆ ನಮಗೆ ತುಂಬಾ ಇಷ್ಟ. ಎಂಜಿನ್ ಭಾಗಗಳನ್ನ ಹೆಂಡತಿಯ ಕುಂಬಾರಿಕೆ ಕುಲುಮೆಯಲ್ಲಿ ಕಾಯಿಸಿದ ಅಂತ ಕೇಳಿದ್ರೆ, ಆಫೀಸಲ್ಲಿ ದಿನಾ ಜಿರಾ ಟಿಕೆಟ್ ಮುಚ್ಚುವ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತೆ. ಆದರೆ 1992ರ ಡೇಟೋನಾದಲ್ಲಿ ಆಂಡ್ರ್ಯೂ ಸ್ಟ್ರೌಡ್ ಡುಕಾಟಿಗಳನ್ನ ಆಟ ಆಡಿಸ್ತಿದ್ದಾಗ ಬೈಕ್ ನಿಂತುಹೋಯ್ತು. ಕೈಕೊಟ್ಟಿದ್ದು ರೆಕ್ಟಿಫೈಯರ್, ಅಂದ್ರೆ ಬ್ರಿಟ್ಟನ್ ತಾನೇ ಮಾಡದೆ ಹೊರಗಿಂದ ತಂದ ಕೆಲವೇ ಭಾಗಗಳಲ್ಲಿ ಒಂದು. 'ನೋಡಿ, ಅವರು ಮಾಡಿದ್ದೆಲ್ಲ ಚೆನ್ನಾಗಿತ್ತು' ಅಂತ ಅಭಿಮಾನಿಗಳು ಇದನ್ನ ಹೆಮ್ಮೆಯಿಂದ ಹೇಳ್ತಾರೆ. ನನಗೆ ಉಲ್ಟಾ ಅನಿಸುತ್ತೆ. ಬೈಕ್ ಅಂದ್ರೆ ಹೊರಗಿಂದ ತಂದಿದ್ದೂ ಸೇರಿ. ದೊಡ್ಡ ಕಂಪನಿಗಳ ಆ ಬೋರಿಂಗ್ ಟೆಸ್ಟಿಂಗ್ ಇರೋದೇ ಇಂಥದ್ದನ್ನ ಹಿಡಿಯೋಕೆ. ಹತ್ತೇ ಬೈಕ್ ಕಟ್ಟುವ ಕಡೆ ಅಷ್ಟು ಟೆಸ್ಟಿಂಗ್ ಎಲ್ಲಿಂದ ಬರಬೇಕು?

1994ರಲ್ಲಿ ಸ್ಟ್ರೌಡ್ ಡೇಟೋನಾ ಗೆದ್ದರು. ಅದೇ ವರ್ಷ ಐಲ್ ಆಫ್ ಮ್ಯಾನ್ ಟಿಟಿಯ ಅಭ್ಯಾಸದಲ್ಲಿ ಬ್ರಿಟ್ಟನ್ ಓಡಿಸುತ್ತಿದ್ದ ಮಾರ್ಕ್ ಫಾರ್ಮರ್ ತೀರಿಕೊಂಡರು. ಮರುವರ್ಷ, 45ನೇ ವಯಸ್ಸಿಗೆ, ಜಾನ್ ಬ್ರಿಟ್ಟನ್ ಕ್ಯಾನ್ಸರಿಗೆ ಬಲಿಯಾದರು. ಬೈಕ್ ಮ್ಯೂಸಿಯಂ ಸೇರಿತು. ಈಗ ಅದನ್ನ ನೋಡುವವರು ಗುಲಾಬಿ-ನೀಲಿ ಬಣ್ಣ ನೋಡಿ ಕಲಾಕೃತಿ ಅಂತಾರೆ. ಕಲಾಕೃತಿ ಅಂದ್ಬಿಟ್ರೆ ಪ್ರಶ್ನೆ ಕೇಳೋದು ನಿಲ್ಲುತ್ತೆ, ಅದೇ ನನಗೆ ಬೇಸರ. ಇದು ತಪ್ಪು ಮಾಡಿ, ಬಿಚ್ಚಿ, ಮತ್ತೆ ಕಟ್ಟಿದ ಯಂತ್ರ. ಅದರ ಮರ್ಯಾದೆ ಇರೋದೂ ಅಲ್ಲೇ.

ನನ್ನ ಎಕ್ಸಾಸ್ಟ್ ಇನ್ನೂ ಬೈಕಲ್ಲೇ ಇದೆ. ಬಿಚ್ಚೋಕೂ ದುಡ್ಡು ಕೇಳ್ತಾರೆ.