ಗೌಡನ ಕಟ್ಟೆಯೂ ವಿಕೇಂದ್ರೀಕರಣವೇ

ವಿಕೇಂದ್ರೀಕರಣ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ತಲೆದೂಗುವ ಬುದ್ಧಿಜೀವಿಗಳ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ. ಈ ಮಾತನ್ನು ನಮ್ಮ ಅಜ್ಜಂದಿರೂ ಕೇಳಿದ್ದಾರೆ. ಹಳ್ಳಿಯೇ ಗಣರಾಜ್ಯ, ಅಧಿಕಾರ ಹಳ್ಳಿಗೇ ಇರಲಿ ಅಂತ ದೊಡ್ಡವರು ಹಾಡುತ್ತಿದ್ದಾಗ, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಆ ಹಳ್ಳಿಯ ಮುಸುಕು ಎಳೆದು ತೋರಿಸಿದರು. ದೂರದ ದೊರೆಗಿಂತ ಹತ್ತಿರದ ಗೌಡ ಘಾತಕ ಅನ್ನೋದು ಕೇರಿಯವರಿಗೆ ಓದದೇ ಗೊತ್ತು.

ಈಗ ಅದೇ ಮಾತು ಕಂಪ್ಯೂಟರಿನೊಳಗಿಂದ ಬರುತ್ತಿದೆ. ಟ್ವಿಟರ್, ಫೇಸ್‌ಬುಕ್ಕಿನಂಥ ಒಬ್ಬನೇ ಸಾವುಕಾರನ ಅಂಗಡಿ ಬೇಡ, ಊರಿಗೊಂದು ಸರ್ವರ್ ಇಟ್ಟು ಅವು ಒಂದಕ್ಕೊಂದು ಮಾತಾಡುವಂತೆ ಮಾಡೋಣ ಎನ್ನುತ್ತಾರೆ. ಇದು ಬರೀ ಕನಸಲ್ಲ. 2016ರಲ್ಲಿ ಜರ್ಮನಿಯ ಓಯ್ಗೆನ್ ರೋಚ್ಕೊ ಮಾಸ್ಟಡಾನ್ ಎಂಬ ಸಾಧನ ಕಟ್ಟಿ, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಲಿ ಎಂದು ಬಿಟ್ಟುಕೊಟ್ಟ. ಸರ್ವರುಗಳು ತಮ್ಮತಮ್ಮೊಳಗೆ ಆಡುವ ಭಾಷೆಯಾದ ಆಕ್ಟಿವಿಟಿಪಬ್‌ಗೆ 2018ರ ಜನವರಿಯಲ್ಲಿ ಜಾಗತಿಕ ವೆಬ್ ಒಕ್ಕೂಟದ ಮನ್ನಣೆಯೂ ಸಿಕ್ಕಿತು.

ನಮ್ಮಂದಿ ಅತ್ತ ಹೋದದ್ದು ಶೋಕಿಗಲ್ಲ. 2019ರ ನವೆಂಬರಿನಲ್ಲಿ ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಗೆ ಟ್ವಿಟರ್ ಕಡಿವಾಣ ಹಾಕಿದಾಗ, ನೀಲಿ ಗುರುತಿನಲ್ಲೂ ಜಾತಿ ಐತಿ ಅಂತ ದಲಿತ-ಬಹುಜನರು ಎದ್ದರು. ಅದೇ ಹೊತ್ತಿನಲ್ಲಿ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನೂ ಮುಚ್ಚಿದರು. ಬಹಳ ಮಂದಿ ಮಾಸ್ಟಡಾನಿಗೆ ಗುಳೆ ಹೊರಟರು. ಬಹಳ ಮಂದಿ ತಿರುಗಿಯೂ ಬಂದರು. ಬೆಂಗಳೂರಿನಲ್ಲಿ 2020ರಲ್ಲಿ ಕನ್ನಡದಿಂದಲೇ ಶುರುವಾದ ಕೂ ಎಂಬ ಜಾಲ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಭಾಷೆ ನಮ್ಮದಿತ್ತು, ಬೀಗ ನಮ್ಮದಿರಲಿಲ್ಲ.

ಆದರೆ ಸಾಧನ ಮನೆಯೊಳಗೆ ಬಂದ ಮಾತ್ರಕ್ಕೆ ಅಧಿಕಾರ ಮನೆಗೆ ಬರೋದಿಲ್ಲ. ಕುಳಗೇರಿ ಕ್ರಾಸಿನಿಂದ ಬಾದಾಮಿ ದಾಟಿ ಗುಳೇದಗುಡ್ಡ, ಇಳಕಲ್ಲಿನ ಕಡೆ ಹೋಗಿ ನೋಡಿ. ಕೈಮಗ್ಗ ನೇಕಾರನ ಮನೆಯೊಳಗೇ ಐತಿ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ವಿದ್ಯೆ ಆ ಮನೆಯವರ ಬೆರಳಿನಲ್ಲೈತಿ. ಇದಕ್ಕಿಂತ ವಿಕೇಂದ್ರಿತ ಉದ್ಯೋಗ ಬೇಕೇ? ಆದರೂ ಬಹಳ ಕಡೆ ನೂಲು ಸಾವುಕಾರನದು, ಸೀರೆ ಮಾರುವವನು ಅವನು, ಮಜೂರಿ ಗೊತ್ತು ಮಾಡುವವನೂ ಅವನೇ. ಸರ್ವರಿಗೂ ನಾವು ಹಾಕುವ ಪ್ರಶ್ನೆ ಇದೇ: ಯಂತ್ರದ ಬಾಡಿಗೆ ಕಟ್ಟುವವರು ಯಾರು, ಹೆಸರು ನೋಂದಾಯಿಸಿದವರು ಯಾರು, ಕೀಲಿ ಯಾರ ಉಡಿಯಲ್ಲಿ?

ಕೀಲಿ ಹಿಡಿದವನ ಬಲ ಸಣ್ಣದಲ್ಲ. ಮಾಸ್ಟಡಾನಿನಲ್ಲಿ ಖಾಸಗಿ ಅಂತ ಬರೆದ ಮಾತನ್ನೂ ಅವನು ಓದಬಲ್ಲ. ಅದು ಲಕೋಟೆಯಲ್ಲ, ಪೋಸ್ಟ್ ಕಾರ್ಡು. ಇನ್ನೊಂದು ಸರ್ವರಿನ ಅಷ್ಟೂ ಜನರ ಸಂಬಂಧವನ್ನು ಒಂದೇ ಗುಂಡಿ ಒತ್ತಿ ಕಡಿಯಬಲ್ಲ. ದ್ವೇಷ ಕಾರುವವರ ಮೇಲೆ ಈ ಅಸ್ತ್ರ ಬೇಕೇ ಬೇಕು. ಆದರೆ ಬಹಿಷ್ಕಾರ ಅಂದರೇನು, ಅದು ಮೊದಲು ಯಾರ ಮೇಲೆ ಬೀಳುತ್ತದೆ ಎನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಾಸ್ಟಡಾನಿನವರೇ ನಡೆಸುವ ದೊಡ್ಡ ಸರ್ವರಿನ ನಿಯಮಗಳಲ್ಲಿ ಜನಾಂಗದ್ವೇಷದ ಪಕ್ಕದಲ್ಲೇ ಜಾತೀಯತೆ ಎಂಬ ಪದವೂ ಸೇರಿಕೊಂಡಿತು. ಇದು ಗೆಲುವೇ. ಆದರೆ ಬೈಗುಳದೊಳಗೆ ಅಡಗಿದ ಜಾತಿಯನ್ನು ಜರ್ಮನಿಯಲ್ಲಿ ಕೂತವ ಹೆಂಗ ಗುರುತಿಸ್ಯಾನು? ಬಾದಾಮಿ ಸೀಮೆಯ ಬೈಗುಳದ ವಾಸನೆ ಬಾದಾಮಿ ಸೀಮೆಯ ಕೇರಿಗೇ ಗೊತ್ತು. ಅದಕ್ಕಾಗಿಯೇ ಹತ್ತಿರದ ಸರ್ವರ್ ಬೇಕು ಎನ್ನುತ್ತೇವೆ, ಗೌಡನ ಹತ್ತಿರದ್ದಲ್ಲ.

ಇನ್ನೊಂದು ಮಾತು. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ದಾರಿ ಒಡೆಯುವ ಜಾಗ ಕುಳಗೇರಿ ಕ್ರಾಸ್. ನೀ ಯಾವ ಕೇರಿಯವ ಅಂತ ಕೇಳದೆ ಬಸ್ಸು ಇಲ್ಲಿ ಹತ್ತಿಸಿಕೊಳ್ಳತೈತಿ. ಊರು ಉಸಿರು ಕಟ್ಟಿಸಿದಾಗ ನಮ್ಮಂದಿ ಬಿಡಿಸಿಕೊಂಡು ಹೋದದ್ದು ಇಂಥ ಕ್ರಾಸುಗಳಿಂದಲೇ. ಮಾಸ್ಟಡಾನಿನಲ್ಲೂ ಒಂದು ಕ್ರಾಸ್ ಐತಿ. ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೊರಟರೆ ಹಿಂಬಾಲಕರನ್ನು ಕರೆದೊಯ್ಯಬಹುದು. ಬರೆದದ್ದೆಲ್ಲ ಹಳೇ ಊರಲ್ಲೇ ಉಳಿಯುತ್ತದೆ. ಹಳೇ ಸರ್ವರ್ ಮೊದಲೇ ಮುಚ್ಚಿದ್ದರೆ ಹಿಂಬಾಲಕರೂ ಇಲ್ಲ. ಬಸ್ಸು ಸಿಕ್ಕಿತು, ಗಂಟು ಸಿಗಲಿಲ್ಲ. ಗಂಟನ್ನೂ ಹೊತ್ತೊಯ್ಯಬಹುದು ಎನ್ನುವ ಬ್ಲೂಸ್ಕೈಯಲ್ಲಿ ಬಹುಪಾಲು ಜನ ಇನ್ನೂ ಒಂದೇ ಕಂಪನಿಯ ಅಂಗಳದಲ್ಲಿದ್ದಾರೆ.

ಬೆಂಗಳೂರಿನ ಜನಸ್ತು ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಊರಿನವರದೇ ವೈಫೈ ಜಾಲ ಹಬ್ಬಿಸಲು ದುಡಿದಿದೆ. ಅಕ್ಷರ ಬಾರದವರ ದನಿಗೂ ಗುರುತು ಹಚ್ಚಿ ಹುಡುಕಿ ತೆಗೆಯುವ ಪಾಪಡ್ ಎಂಬ ಸಾಧನವನ್ನೂ ಕಟ್ಟಿದೆ. ಅಕ್ಷರವನ್ನೇ ಕೊಡದಿದ್ದ ಸಮಾಜದಲ್ಲಿ ದನಿಯಿಂದ ಶುರು ಮಾಡಿದ್ದು ಸರಿಯಾದ ಬುದ್ಧಿ. ಇಂಥ ಪೆಟ್ಟಿಗೆ ನಮ್ಮ ಕುಳಗೇರಿ ಸೀಮೆಗೆ ಬರುವುದಾದರೆ ಗುಡಿಯ ಕಟ್ಟೆಯ ಮೇಲೆ ಬೇಡ, ಪಂಚಾಯ್ತಿಯ ಬೀರುವಿನಲ್ಲೂ ಬೇಡ. ಕೇರಿಯೊಳಗಿನ ಒಂದು ಮನೆಯಲ್ಲಿರಲಿ. ಹಾಸ್ಟೆಲಿನಲ್ಲಿದ್ದು ಕಲಿತು ಬಂದ ಹುಡುಗ್ಯಾರು ಇಬ್ಬರು ಮೂವರು ಅದರ ಕೀಲಿ ಹಿಡಿಯಲಿ. ಕರೆಂಟು ಹೋದ ರಾತ್ರಿ ಎದ್ದು ನೋಡೋರು ಅವರೇ ಆಗಲಿ. ತಿಂಗಳ ಖರ್ಚನ್ನು ಪತ್ರಿಕೆಗೆ ಎತ್ತಿದಂತೆಯೇ ವಂತಿಗೆ ಎತ್ತಿ ತುಂಬೋಣ.