ಸೂಜಿ ಉಂಟು, ಆಂಪೂಲ್ ಇಲ್ಲ

ಮುಂಬೈನ ಬೀದಿಮಾತಿನಲ್ಲಿ ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್, ಗರ್ದ್ ಎನಿಸಿಕೊಳ್ಳುತ್ತದೆ. ಅದಕ್ಕೆ ಬಿದ್ದವನು ಗರ್ದುಲ್ಲಾ. ಫುಟ್‌ಪಾತಿನಲ್ಲಿ ಅಂಥವನೊಬ್ಬ ಬಿದ್ದಿದ್ದರೆ ಊರು ದಾಟಿಕೊಂಡು ಹೋಗುತ್ತದೆ. ನಿದ್ದೆಯೋ, ಉಸಿರೇ ನಿಲ್ಲುತ್ತಿದೆಯೋ ಎಂದು ಬಗ್ಗಿ ನೋಡುವವನು ಹೆಚ್ಚಾಗಿ ಇನ್ನೊಬ್ಬ ಗರ್ದುಲ್ಲಾನೇ. ನಲೋಕ್ಸೋನ್ ಎಂಬ ಮದ್ದನ್ನು ಅಳೆಯಬೇಕಾದದ್ದು ಹಾಗೆ ಬಗ್ಗಿದವನ ಕಡೆಯಿಂದ.

ಮದ್ದಾಗಿ ಅದರಲ್ಲಿ ಹುಳುಕು ಕಡಿಮೆ. ಹೆರಾಯಿನ್ ಮೆದುಳಿನ ಯಾವ ಗ್ರಾಹಕಗಳ ಮೇಲೆ ಕೂತು ಉಸಿರನ್ನು ಅದುಮುತ್ತದೋ, ಅಲ್ಲಿಂದ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಕೆಲಸ ಶುರುವಾಗಲು ರಕ್ತನಾಳಕ್ಕೆ ಕೊಟ್ಟರೆ ಒಂದೆರಡು ನಿಮಿಷ, ತೊಡೆಗೆ ಚುಚ್ಚಿದರೆ ತುಸು ಹೆಚ್ಚು. ಮೈಯಲ್ಲಿ ಅಫೀಮಿನ ಜಾತಿಯದೇನೂ ಇಲ್ಲದವನಿಗೆ ಕೊಟ್ಟರೂ ಕೆಡುಕಿಲ್ಲ. ಅಮೆರಿಕದಲ್ಲಿ 1971ರಲ್ಲೇ ಅನುಮತಿ ಪಡೆದ ಹಳೆಯ ಮದ್ದು.

ದೋಷ ಇಲ್ಲವೆಂದಲ್ಲ. ಅದರ ಆಯಸ್ಸು 30ರಿಂದ 90 ನಿಮಿಷ. ಗರ್ದಿನ ಅಮಲು ಅದಕ್ಕಿಂತ ಉದ್ದವಿದ್ದರೆ ಎದ್ದವನು ಮತ್ತೆ ಮಂಕಾಗಬಹುದು. ಇನ್ನೊಂದು, ಎದ್ದವನು ಕೃತಜ್ಞನಾಗಿ ಏಳುವುದಿಲ್ಲ. ವಾಂತಿ, ನಡುಕ, ಮೈಮುರಿತ, ಇಲ್ಲಿನವರು ‘ಟರ್ಕಿ’ ಎನ್ನುವ ಯಾತನೆ. ಉಳಿಸಿದವನಿಗೇ ಬೈದು ಎದ್ದು ಹೋಗಿ ಮತ್ತೊಂದು ಪುಡಿ ಹುಡುಕಿದರೆ ಆಶ್ಚರ್ಯವಿಲ್ಲ. ಆಗ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು, ಕೇವಲ ಸೀಸೆಯಲ್ಲ.

ನನ್ನ ತಕರಾರು ಮದ್ದಿನ ಮೇಲಲ್ಲ, ಅದನ್ನು ಇಟ್ಟ ಜಾಗದ ಮೇಲೆ. ನಮ್ಮಲ್ಲಿ ಅದು ವೈದ್ಯರ ಚೀಟಿಯ ಹಿಂದೆ, ಕ್ಯಾಶುಯಲ್ಟಿಯ ಬಾಗಿಲ ಆಚೆ ಇದೆ. ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮೆದುಳು ಕೆಡಲಾರಂಭಿಸುತ್ತದೆ. ರೇ ರೋಡಿನಿಂದ ಪರೇಲಿನ ಆಸ್ಪತ್ರೆಗೆ ಅಷ್ಟರಲ್ಲಿ ಯಾವ ಟ್ಯಾಕ್ಸಿ ಮುಟ್ಟೀತು? ಇಂಥ ಘಟನೆ ಕಣ್ಣೆದುರು ನಡೆಯಬಹುದಾದವರ ಕೈಗೇ ಮದ್ದು ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿತ್ತು. ಅಮೆರಿಕ 2023ರಲ್ಲಿ ಮೂಗಿನ ಸ್ಪ್ರೇಯನ್ನು ಚೀಟಿಯಿಲ್ಲದೆ ಮಾರಲು ಬಿಟ್ಟಿತು. ಸಾಮಾನ್ಯರಿಗೆ ಸೂಜಿ ಹಿಡಿಯಲು ಬಾರದು, ಅದಕ್ಕೇ ಸ್ಪ್ರೇ ಎಂಬುದು ಅಲ್ಲಿನ ವಾದ. ಮುಂಬೈನಲ್ಲಿ ಆ ವಾದ ತಲೆಕೆಳಗಾಗುತ್ತದೆ. ಎಚ್‌ಐವಿ ಹರಡಬಾರದೆಂದು ಸರ್ಕಾರದ ಏಡ್ಸ್ ನಿಯಂತ್ರಣ ಯೋಜನೆಯೇ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಹಂಚುತ್ತದೆ. 1995ರಿಂದ ಇಲ್ಲಿ ದುಡಿಯುತ್ತಿರುವ ಸಂಕಲ್ಪ ಟ್ರಸ್ಟ್‌ನಂಥವರು ಅವರನ್ನು ಹೆಸರು ಹಿಡಿದು ಬಲ್ಲರು. ಸೂಜಿಯಿದೆ, ಕೈಗೆ ಪಳಗಿದೆ, ಕೊಡುವವರ ಪರಿಚಯವೂ ಇದೆ. ಅದೇ ಚೀಲದಲ್ಲಿ ಒಂದು ಆಂಪೂಲ್ ಹಾಕಲು ಏನಡ್ಡಿ?

ಅಡ್ಡಿ ಕಾನೂನಿನ ನೆರಳೂ ಇರಬಹುದು. 1985ರ ಮಾದಕವಸ್ತು ತಡೆ ಕಾಯ್ದೆ ಎನ್‌ಡಿಪಿಎಸ್‌ನ 27ನೇ ಕಲಮಿನಂತೆ ಹೆರಾಯಿನ್ ಸೇವನೆಗೇ ಒಂದು ವರ್ಷದವರೆಗೆ ಜೈಲು. ರಸ್ತೆ ಅಪಘಾತದ ಗಾಯಾಳುವನ್ನು ಎತ್ತಿ ತಂದವನಿಗೆ ಕಾನೂನಿನ ರಕ್ಷೆಯಿದೆ. ಗರ್ದುಲ್ಲಾನನ್ನು ಎತ್ತಿ ತಂದ ಗರ್ದುಲ್ಲಾನಿಗೆ ಅಂಥದ್ದಿಲ್ಲ. ಅವನು ಮುಖಕ್ಕೆ ನೀರೆರಚಿ, ಕೆನ್ನೆಗೆರಡು ಬಾರಿಸಿ, ಆಚೀಚೆ ನೋಡಿ ಎದ್ದು ಹೋಗುತ್ತಾನೆ.